ಚೆಕ್ ಬೇಡ, ನೌಕರಿ ಕೊಡಿ
ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಬೇಸ್ ಕಾಯುವ ಹೊಸ ಹುಡುಗನಿಗೂ 2025ರಲ್ಲಿ ಕನಿಷ್ಠ ವಾರ್ಷಿಕ ಸಂಬಳ 7.6 ಲಕ್ಷ ಡಾಲರ್, ಅಂದರೆ ಆರು ಕೋಟಿ ರೂಪಾಯಿಗೂ ಮೇಲೆ. ಅಷ್ಟೇ ಚುರುಕಿನ ಕಾಲು ಬೇಡಿದರೂ ಅಂಥ ಸಂಬಳವಿಲ್ಲದ ನಮ್ಮ ಆಟ ಖೊಖೊ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಇದನ್ನಾಡಲು ಎರಡು ಕಂಬ ನೆಟ್ಟರೆ ಸಾಕು. ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರನ್ನೇ ನೋಡಿ. 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನ ಫೈನಲ್. ಮೂರು ನಿಮಿಷ ಔಟಾಗದೆ ಉಳಿದರೇ ‘ಡ್ರೀಮ್ ರನ್’ ಎನ್ನುವ ಆಟದಲ್ಲಿ ಅವರಿದ್ದ ಬ್ಯಾಚು ಐದು ನಿಮಿಷಕ್ಕೂ ಮೇಲೆ ನೇಪಾಳದವರನ್ನು ಸುಸ್ತು ಮಾಡಿತು. ಭಾರತ 78-40ರಿಂದ ಗೆದ್ದಿತು, ಪಂದ್ಯಶ್ರೇಷ್ಠೆ ಚೈತ್ರಾ. ರಾಜ್ಯ ಸರ್ಕಾರ ಘೋಷಿಸಿದ್ದು ಐದು ಲಕ್ಷ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿಯ ಜೊತೆ ಸರ್ಕಾರಿ ನೌಕರಿಯನ್ನೂ ಘೋಷಿಸಿತ್ತು. ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಆ ಐದು ಲಕ್ಷ ಬೇಡವೆಂದರು. ಸೊಕ್ಕು ಅಂದವರೂ ಇದ್ದಾರು. ನನಗದು ಶುದ್ಧ ಲೆಕ್ಕಾಚಾರವೆನಿಸಿತು. ಅನ್ನ ಕೊಡದ ಆಟಕ್ಕೆ ಎಸ್ಸೆಸ್ಸೆಲ್ಸಿ ದಾಟಿದ ಮಗಳನ್ನು ಯಾವ ಅಪ್ಪ ಕಳಿಸ್ತಾನೆ? ಸರ್ಕಾರ ಸನ್ಮಾನದ ಶಾಲು ಆಮೇಲೆ ಹೊದಿಸಲಿ, ಮೊದಲು ನೇಮಕದ ಆದೇಶ ಕೊಡಲಿ.