ಬಾಯ್ಲರಿನ ಫಲಕ ಏನು ಹೇಳಬೇಕು?



ಕಾಫಿ, ಅಡಿಕೆಯವರ ಪತ್ರಿಕೆಯಲ್ಲಿ ಅರಿಸಿನದ ಮಾತೇಕೆಂದು ಕೇಳಬೇಡಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅಡಿಕೆಯ ಜೊತೆಗೆ ಅರಿಸಿನವನ್ನೂ ಬೆಳೆಯುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಡಿಕೆ ಬೇಯಿಸುವ ಹಂಡೆಯ ಬಾಯಿ ತೆರೆದಿರುತ್ತದೆ, ಉಗಿ ತಾನೇ ಹೊರಟುಹೋಗುತ್ತದೆ. ಅರಿಸಿನ ಬೇಯಿಸಲು ಟ್ರ್ಯಾಕ್ಟರಿನ ಹಿಂದೆ ಹೊಲಕ್ಕೇ ಬರುವ ಉಗಿ ಬಾಯ್ಲರು ಹಾಗಲ್ಲ, ಅದು ಮುಚ್ಚಿದ ಪಾತ್ರೆ. ಒಳಗಿನ ಒತ್ತಡ ಎಷ್ಟೆಂದು ತಿಳಿಯಲು ಗೇಜಿನ ಮುಳ್ಳು, ಎಷ್ಟು ತಡೆದೀತೆಂದು ತಿಳಿಯಲು ಮೈಮೇಲಿನ ಫಲಕ, ಇವೆರಡೇ ನಮಗಿರುವ ಆಧಾರ. ಆ ಫಲಕದ ಬಗ್ಗೆಯೇ ನನ್ನ ತಕರಾರು.

"ಐ.ಬಿ.ಆರ್. ಪೈಪು ಹಾಕಿದೆ", "ತಗಡು ಐ.ಎಸ್.ಐ.ನದು" ಎಂದು ಮಾರುವವರು ಹೇಳುವುದುಂಟು. ಸುಳ್ಳಲ್ಲದಿರಬಹುದು. ಆದರೆ ಐ.ಬಿ.ಆರ್. ಎಂದರೆ 1950ರ ಭಾರತೀಯ ಬಾಯ್ಲರು ನಿಯಮಾವಳಿ. ಅದು ಪೈಪೊಂದಕ್ಕೇ ಮುಗಿಯುವುದಿಲ್ಲ. ನಕ್ಷೆ, ತಗಡು, ವೆಲ್ಡಿಂಗ್ ಮಾಡುವವನ ಅರ್ಹತೆ, ನೀರೊತ್ತಡದ ಪರೀಕ್ಷೆ ಎಲ್ಲವೂ ತಪಾಸಣೆಯಾಗಿ, ಕೊನೆಗೆ ಬಾಯ್ಲರಿಗೆ ನೋಂದಣಿ ಸಂಖ್ಯೆ ಬರಬೇಕು. ತಗಡಿನ ಕಥೆಯೂ ಹೀಗೆಯೇ. ಐ.ಎಸ್. 2062 ಎಂಬುದು ಕಟ್ಟಡ, ಸೇತುವೆ ಮುಂತಾದ ಕೆಲಸದ ಉಕ್ಕಿನ ಮಾನಕ. ಬಾಯ್ಲರಿನ ತಗಡಿಗೆಂದೇ ಐ.ಎಸ್. 2002 ಬೇರೆ ಇದೆ. ಯಾವುದೇ ಆಗಲಿ, ಆ ಮುದ್ರೆ ತಗಡಿನದು, ಪಾತ್ರೆಯದಲ್ಲ. ಒಳ್ಳೆಯ ಇಟ್ಟಿಗೆ ತಂದ ಮಾತ್ರಕ್ಕೆ ಗೋಡೆ ನೆಟ್ಟಗಿದೆಯೆಂದು ಯಾರೂ ಬರೆದುಕೊಡುವುದಿಲ್ಲವಷ್ಟೆ!

ಇನ್ನು ಕೆಲವರು, ಇದಕ್ಕೆ ಕಾಯ್ದೆಯೇ ಅನ್ವಯಿಸದು ಎನ್ನುತ್ತಾರೆ. 1923ರ ಬಾಯ್ಲರು ಕಾಯ್ದೆಯ ಜಾಗದಲ್ಲಿ 2025ರ ಮೇ 1ರಿಂದ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಚಿಕ್ಕ ಪಾತ್ರೆಗೆ, ಹಾಗೆಯೇ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮಿಗಿಂತ ಕಡಿಮೆ ಒತ್ತಡಕ್ಕೆಂದು ರೂಪಿಸಿ ಅಷ್ಟರೊಳಗೇ ನಡೆಸುವ ಪಾತ್ರೆಗೆ ವಿನಾಯಿತಿ ಇದೆ, ನಿಜ. ಆದರೆ ಹೊಲದಲ್ಲಿ ಈ ಎರಡನೆಯ ವಿನಾಯಿತಿಯನ್ನು ಕಾಯುವುದು ಒಂದು ಸೇಫ್ಟಿ ವಾಲ್ವು. ಬೇಗ ಬೇಯಲೆಂದು ಅದಕ್ಕೆ ತಂತಿ ಬಿಗಿದರೆ, ಮೇಲೆ ಭಾರ ಹೇರಿದರೆ, ಒಂದು ಕಿಲೋ ಎಂಬುದು ಕಾಗದದ ಮಾತು. ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆಗ ಪಕ್ಕದಲ್ಲಿ ಗೆಡ್ಡೆ ತುಂಬುತ್ತ ನಿಂತಿರುವವರು ನಮ್ಮೂರಿನ ಹೆಣ್ಣಾಳುಗಳು, ಬಾಯ್ಲರು ಮಾರಿದವರಲ್ಲ.

ಕಾಯ್ದೆಗೆ ಒಳಪಡುವ ಬಾಯ್ಲರಿಗೆ ನೋಂದಣಿ ಇಲ್ಲದಿದ್ದರೆ ಹೊಲಕ್ಕೆ ಬಿಡಲೇಬಾರದು. ವಿನಾಯಿತಿಯ ಪಾತ್ರೆಗಳನ್ನೆಲ್ಲ ಓಡಿಸಿರೆಂದು ನಾನು ಹೇಳುತ್ತಿಲ್ಲ, ಸಣ್ಣ ಬೆಳೆಗಾರನಿಗೆ ಬಾಡಿಗೆಯ ಕಷ್ಟ ಗೊತ್ತಿದೆ. ಆದರೆ ಅರ್ಧ ಸರಿಯಿದ್ದರೆ ಅರ್ಧವೆಂದೇ ಬರೆಯಲಿ: "ಪೈಪು ನಿಯಮದಂತೆ ಇದೆ, ಪಾತ್ರೆಗೆ ತಪಾಸಣೆ ಆಗಿಲ್ಲ." ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ, ಕನ್ನಡದಲ್ಲಿ. ಜೊತೆಗೆ ಗರಿಷ್ಠ ಒತ್ತಡ, ಪರೀಕ್ಷೆಯ ದಿನಾಂಕ, ತಯಾರಕರ ಹೆಸರು. ಹೀಗೆ ಬರೆದರೆ ಗಿರಾಕಿ ಹೆದರುತ್ತಾನೆ ಎಂಬ ಆಕ್ಷೇಪವಿದೆ. ಹೆದರಲಿ, ವಾಲ್ವಿಗೆ ತಂತಿ ಕಟ್ಟುವ ಕೈ ಸ್ವಲ್ಪ ತಡೆಯುತ್ತದೆ.

ಈ ಸುಗ್ಗಿಯಲ್ಲಿ ಬಾಡಿಗೆ ಮಾತನಾಡುವ ಮೊದಲೇ ಫಲಕ ಓದಿರಿ. ನೋಂದಣಿ ಇದೆಯೆಂದರೆ ಪ್ರಮಾಣಪತ್ರದ ಪ್ರತಿ ಕೇಳಿ, ಅವಧಿ ಮುಗಿದಿಲ್ಲವೆಂದು ನೋಡಿರಿ. ಓದಲು ತೊಡಕಾದರೆ ಸಂಘದ ಕಚೇರಿಗೆ ತನ್ನಿ, ಒಟ್ಟಿಗೆ ನೋಡೋಣ.

— ಕಾರ್ಯದರ್ಶಿ