ಪುಕ್ಕಟೆ ಯೂನಿಟ್ಟೂ ಬಡವರ ಬೀಸಣಿಗೆಯೂ

ಏಪ್ರಿಲ್ ತಿಂಗಳ ಮಧ್ಯಾಹ್ನ ಮಂಗಳೂರಿನ ಮಣ್ಣಗುಡ್ಡದ ಓಣಿಗಳಲ್ಲಿ ನಡೆದು ಹೋಗುವವರಿಗೆ ಬಾಡಿಗೆ ಬಿಡಾರಗಳೊಳಗಿಂದ ಒಂದೇ ಸದ್ದು ಕೇಳಿಸುತ್ತದೆ; ಅದು ವಿದ್ಯುತ್ ಬೀಸಣಿಗೆಯ ಸದ್ದು. ಬಯಲುಸೀಮೆಯ 38 ಡಿಗ್ರಿ ಸೆಕೆಯನ್ನು ಸಹಿಸಿದವರೂ ನಮ್ಮ 33 ಡಿಗ್ರಿಗೆ ಸೋಲುವುದುಂಟು. ಕಡಲ ಗಾಳಿ ತೇವದಿಂದ ತುಂಬಿರುವುದರಿಂದ ಮೈಯ ಬೆವರು ಬೇಗನೆ ಆವಿಯಾಗದು. ಆವಿಯಾಗದ ಬೆವರು ಶಾಖವನ್ನು ಒಯ್ಯಲಾರದು. ಬೀಸಣಿಗೆಯು ಕೋಣೆಯ ಗಾಳಿಯನ್ನೇ ತಂಪು ಮಾಡುತ್ತದೆಂಬ ನಂಬಿಕೆ ತಪ್ಪು. ಚರ್ಮಕ್ಕೆ ಅಂಟಿಕೊಂಡ ತೇವದ ಪದರವನ್ನು ಸರಿಸಿ, ಬೆವರು ಆರುವಂತೆ ಮಾಡುವುದಷ್ಟೇ ಅದರ ಕೆಲಸ. ಅದು ಹೀರಿಕೊಳ್ಳುವ ವಿದ್ಯುಚ್ಛಕ್ತಿಯೆಲ್ಲವೂ ಕಟ್ಟಕಡೆಗೆ ಆ ಕೋಣೆಯಲ್ಲಿಯೇ ಶಾಖವಾಗಿ ಉಳಿಯುತ್ತದೆ.

ಆದುದರಿಂದ ಗಾಳಿ ಅಷ್ಟೇ ಬೀಸಿ, ಶಕ್ತಿಯನ್ನು ಕಡಮೆ ನುಂಗುವ ಬೀಸಣಿಗೆ ಎರಡು ಬಗೆಯಲ್ಲಿ ಲಾಭಕರ. ಸಾಮಾನ್ಯ ಬೀಸಣಿಗೆಗೆ ಸುಮಾರು 75 ವಾಟ್ ಬೇಕು. ಅದರ ಪುಟ್ಟ ಮೋಟಾರು ಪಡೆದ ಶಕ್ತಿಯ ಬಹುಪಾಲನ್ನು ತಂತಿಯ ಸುರುಳಿಯಲ್ಲಿಯೂ ಕಬ್ಬಿಣದಲ್ಲಿಯೂ ಬಿಸಿಯಾಗಿ ಕಳೆದುಬಿಡುತ್ತದೆ. ಬಿ.ಎಲ್.ಡಿ.ಸಿ. ಎಂದು ಅಂಗಡಿಯವರು ಕರೆಯುವ ಹೊಸ ಬಗೆಯಲ್ಲಿ ತಿರುಗುವ ಭಾಗಕ್ಕೆ ಶಾಶ್ವತ ಕಾಂತಗಳನ್ನು ಜೋಡಿಸಿ, ಸುರುಳಿಗಳ ಪ್ರವಾಹವನ್ನು ಎಲೆಕ್ಟ್ರಾನಿಕ್ ಮಂಡಲವೊಂದರಿಂದ ನಿಯಂತ್ರಿಸುತ್ತಾರೆ. ಇದಕ್ಕೆ 28 ವಾಟ್‌ನಷ್ಟು ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಹಳೆಯದಕ್ಕೆ 27 ಯೂನಿಟ್, ಹೊಸದಕ್ಕೆ 10.

ಈಗ ಒಂದು ಬಡ ಕುಟುಂಬವನ್ನು ಊಹಿಸಿಕೊಳ್ಳೋಣ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ ತಿಂಗಳಿಗೆ 40 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಆ ವರ್ಷದ ಸರಾಸರಿಗೆ ನೂರಕ್ಕೆ 10ರಷ್ಟು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ವಿದ್ಯುತ್ತನ್ನು ಉಚಿತವಾಗಿ ಕೊಟ್ಟಿತು; 2024ರಲ್ಲಿ ನಿಯಮ ತಿದ್ದಿ, 48 ಯೂನಿಟ್‌ಗಿಂತ ಕಡಮೆ ಬಳಸುವವರಿಗೆ 10 ಯೂನಿಟ್‌ಗಳನ್ನೇ ಹೆಚ್ಚಾಗಿ ಕೊಡಲಾಯಿತು. ನಮ್ಮ ಕುಟುಂಬಕ್ಕೆ ಹೀಗೆ 50 ಯೂನಿಟ್ ಲಭ್ಯ. ಪಿ.ಯು.ಸಿ. ಓದುವ ಮಗಳಿಗೆಂದು ಒಳಕೋಣೆಗೆ ಬೀಸಣಿಗೆಯೊಂದನ್ನು ಹಾಕಿದರೆ ಏನಾಗುವುದು? ಹೊಸ ಬಗೆಯದಾದರೆ ಲೆಕ್ಕ 50ಕ್ಕೆ ನಿಲ್ಲುತ್ತದೆ. ಹಳೆಯದಾದರೆ 67ಕ್ಕೇರಿ, 17 ಯೂನಿಟ್‌ಗಳ ಹಣ, ಎಂದರೆ ತಿಂಗಳಿಗೆ ಸುಮಾರು ನೂರು ರೂಪಾಯಿ, ತೆರಬೇಕಾಗುತ್ತದೆ. ಎರಡರ ಬೆಲೆಯ ಅಂತರ ಸಾವಿರ, ಸಾವಿರದೈನೂರು ರೂಪಾಯಿ. ಒಂದು ವರ್ಷದ ಆಸುಪಾಸಿನಲ್ಲಿ ಹಿಂದಿರುಗುವ ಹಣ. ಆದರೆ ಕೊಳ್ಳುವ ದಿನ ಆ ಸಾವಿರ ಅವರ ಕೈಯಲ್ಲಿರುವುದಿಲ್ಲ. ಬಡವರು ಅಗ್ಗದ ವಸ್ತುವನ್ನು ಕೊಂಡು ದುಬಾರಿಯಾಗಿ ಬಾಳುವುದು ಹೀಗೆ.

ಇನ್ನೊಂದು ವಿಚಿತ್ರವನ್ನೂ ನೋಡಿರಿ. 2022-23ರಲ್ಲಿ ಧಾರಾಳವಾಗಿ 150 ಯೂನಿಟ್ ಉರಿಸಿದ ಮನೆಗೆ 165 ಯೂನಿಟ್ ಉಚಿತ. ಅಂದು ಹಿತವಾಗಿ ಬಳಸಿದವರಿಗೆ ಪಾಲು ಕಿರಿದು, ಪೋಲು ಮಾಡಿದವರಿಗೆ ಹಿರಿದು! ಆ ಮನೆಯವರಿಗೆ ಹಳೆಯ ಬೀಸಣಿಗೆಯನ್ನು ಬದಲಿಸಬೇಕೆಂಬ ಗರಜೂ ಇಲ್ಲ. ನಷ್ಟವೆಲ್ಲ ಬೊಕ್ಕಸದ್ದು.

ಉಚಿತ ವಿದ್ಯುತ್ತೇ ತಪ್ಪೆಂದು ನಾವು ಹೇಳುವವರಲ್ಲ. ಯೂನಿಟ್ಟಿಗೆ ಹಣ ತೆರುವವರೇ ಉಳಿತಾಯದ ಫಲವನ್ನೂ ಪಡೆಯುವವರು. ಆದುದರಿಂದ ಬೀಸಣಿಗೆಯನ್ನು ಸರಕಾರವೇ ಕೊಡಬೇಕೆಂಬುದು ನಮ್ಮ ಅಭಿಮತ. ವರ್ಷಕ್ಕೆ 200 ಯೂನಿಟ್ ಉಳಿದರೆ ಎರಡು ಮೂರು ವರ್ಷಗಳಲ್ಲಿ ಅದರ ಬೆಲೆ ಸಂದೀತು. ಜನರಿಗೆ ಬೇಕಾದುದು ಯೂನಿಟ್ಟಲ್ಲ, ಬೆಳಕು, ಗಾಳಿ, ಬೆಂದ ಅನ್ನ ಎಂಬ ವಿಚಾರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿಯವರು ದಶಕಗಳ ಹಿಂದೆಯೇ ಪ್ರತಿಪಾದಿಸಿದ್ದರು. ಭಾಗ್ಯಜ್ಯೋತಿಯ ಗುಡಿಸಲಲ್ಲಿ ಉರಿಯುತ್ತಿದ್ದ 40 ವಾಟ್ ಬುರುಡೆಗಿಂತ ಇಂದಿನ 9 ವಾಟ್ ಎಲ್.ಇ.ಡಿ. ದೀಪ ಇಮ್ಮಡಿ ಬೆಳಕು ಕೊಡುತ್ತದೆ. 2015ರಲ್ಲಿ ಉಜಾಲಾ, ನಮ್ಮ ರಾಜ್ಯದಲ್ಲಿ ಹೊಸಬೆಳಕು ಎಂಬ ಯೋಜನೆಗಳು ಅದನ್ನು ಮನೆಮನೆಗೂ ಮುಟ್ಟಿಸಿದುವು. ಒಟ್ಟಾಗಿ ಕೊಂಡುದರಿಂದ 2014ರಲ್ಲಿ 300 ರೂಪಾಯಿ ದಾಟಿದ್ದ ಖರೀದಿ ಬೆಲೆ ಎರಡೇ ಮೂರು ವರ್ಷಗಳಲ್ಲಿ 50ಕ್ಕಿಂತ ಕೆಳಗಿಳಿಯಿತು. 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ 1 ಕೋಟಿ ಬೀಸಣಿಗೆಗಳ ಕಾರ್ಯಕ್ರಮವನ್ನು ಸಾರಿದುದೂ ಇದೇ ದಾರಿಯಲ್ಲಿ.

ಕೊಡುವಾಗ ಹಳೆಯದನ್ನು ಹಿಂದಕ್ಕೆ ಪಡೆದು ಗುಜರಿಗೆ ಹಾಕಬೇಕು. ಇಲ್ಲವಾದರೆ ಅದು ಇನ್ನೊಂದು ಬಡವನ ತಲೆಯ ಮೇಲೆ ತಿರುಗೀತು. ದುರಸ್ತಿಯ ತೊಡಕೂ ಇದೆ. ನಮ್ಮೂರಿನ ಮಳೆಗಾಲದ ಮುನ್ನಿನ ಸಿಡಿಲು, ಉಪ್ಪು ಗಾಳಿ ಎಲೆಕ್ಟ್ರಾನಿಕ್ ಮಂಡಲಗಳಿಗೆ ಹಿತವಲ್ಲ. ಹಳೆಯ ಮೋಟಾರಿನ ವೈಂಡಿಂಗ್ ಕಟ್ಟಿಕೊಡುವ ಓಣಿಯ ರಿಪೇರಿಯವನಿಗೆ ಈ ಹೊಸ ವಿದ್ಯೆಯನ್ನು ಕಲಿಸದೆ ಬೀಸಣಿಗೆ ಹಂಚಿದರೆ, ಎರಡು ಮಳೆಗಾಲ ಕಳೆಯುವುದರೊಳಗೆ ಅರ್ಧಕ್ಕರ್ಧ ಮೂಲೆ ಸೇರಿಯಾವು.

ಮಾಡಿನ ಮಾತು ಬೇರೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಇದೇ ಊರಿನಲ್ಲಿ ಮಾಡತೊಡಗಿದ ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಕಾಂಕ್ರೀಟು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿದರೂ ಬಿಸಿಲಿನ ಬಹುಭಾಗ ಮರಳಿಹೋದೀತು. ಆದರೆ ಮನೆ ಬಾಡಿಗೆಯದು. ಒಡೆಯ ಅದರಡಿಯಲ್ಲಿ ಮಲಗುವವನಲ್ಲ, ಮಲಗುವವನು ಒಡೆಯನಲ್ಲ.

ವಿದ್ಯಾರ್ಥಿ ಮಿತ್ರರು ನಮ್ಮ ಲೆಕ್ಕವನ್ನು ತಾವೇ ಪರೀಕ್ಷಿಸಬಹುದು. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಒಂದು ಬೀಸಣಿಗೆಯನ್ನು ಮಾತ್ರ ಪೂರ್ಣವೇಗದಲ್ಲಿ ತಿರುಗಿಸಿ, ಮೀಟರಿನ ಕೆಂಪು ದೀಪ ಎಷ್ಟು ಸಲ ಮಿನುಗುವುದೆಂದು ಎಣಿಸಿರಿ. ಮೀಟರಿನ ಮೇಲೆ ಯೂನಿಟ್ಟಿಗೆ 3200 ಎಂದು ಮುದ್ರಿತವಾಗಿದ್ದರೆ, 75 ವಾಟ್‌ಗೆ ಹತ್ತು ನಿಮಿಷದಲ್ಲಿ 40 ಮಿನುಗುಗಳಾಗುವುವು. 28 ವಾಟ್‌ಗೆ 15.