ಡಾಕ್ಟರ್ ಸಿಕ್ಕರು, ಕನ್ನಡ ಸಿಗಲಿಲ್ಲ!

ಕನ್ನಡದ ತರುಣ ತರುಣಿಯರೇ, ಒಂದು ಪ್ರಶ್ನೆ. ನಿಮ್ಮ ತಾಯಿಗೆ ಹುಷಾರಿಲ್ಲ. ಡಾಕ್ಟರ ಮುಂದೆ ಕೂತಿದ್ದಾರೆ. ತಮ್ಮ ಮೈಗೆ ಏನಾಗಿದೆ ಎಂದು ತಮ್ಮ ಬಾಯಿಂದಲೇ, ತಮ್ಮ ಮಾತಿನಲ್ಲೇ ಹೇಳಿಕೊಳ್ಳುವ ಹಕ್ಕು ಆ ತಾಯಿಗೆ ಇದೆಯೋ ಇಲ್ಲವೋ? ಅದೂ ಕರ್ನಾಟಕದ ರಾಜಧಾನಿಯಲ್ಲಿ! ಅದೂ ಕನ್ನಡ ಸಾಹಿತ್ಯ ಪರಿಷತ್ತು ಇರುವ ಚಾಮರಾಜಪೇಟೆಯಲ್ಲಿ!

"ಇದೂ ಒಂದು ಪ್ರಶ್ನೆಯೇ ಸ್ವಾಮಿ?" ಎಂದು ನಗಬೇಡಿ. ಹೋದ ವರ್ಷದವರೆಗೆ ನಾನೂ ನಗುತ್ತಿದ್ದೆ.

ನಾನು ಪಂಡಿತನಲ್ಲ, ಭಾಷಣಕಾರನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಮಸಿ ಮೆತ್ತಿಕೊಂಡು ಬೆಳೆದವನು. ನಮ್ಮ ಮನೆಗೆ ನಲವತ್ತು ವರ್ಷ ಒಬ್ಬರೇ ಡಾಕ್ಟರು. ಅವರ ಕಾಂಪೌಂಡರ್ ಮಿಕ್ಸ್ಚರ್ ಬಾಟಲಿಗೆ ಡೋಸಿನ ಗುರುತಿಗೆಂದು ಅಂಟಿಸುತ್ತಿದ್ದ ಕಾಗದದ ಪಟ್ಟಿ ನಮ್ಮ ಪ್ರೆಸ್ಸಿನ ಕಟಿಂಗ್ ಚೂರೇ. ಆ ಡಾಕ್ಟರ ಮನೆಮಾತು ತೆಲುಗು. ಆದರೆ ಕ್ಲಿನಿಕ್ಕಿನ ಬಾಗಿಲು ತೆಗೆದರೆ ಕನ್ನಡ. "ಏನಮ್ಮಾ, ರಾತ್ರಿ ನಿದ್ದೆ ಬಂತಾ? ಊಟ ಮಾಡಿದ್ಯಾ, ಬರೀ ಕಾಫಿ ಕುಡ್ಕೊಂಡು ಕೂತಿದ್ಯಾ?" ಎಂದು ವಿಚಾರಿಸುವಷ್ಟರಲ್ಲೇ ಅರ್ಧ ರೋಗ ಪತ್ತೆಯಾಗುತ್ತಿತ್ತು. ವಯಸ್ಸಾಯಿತೆಂದು ಹೋದ ವರ್ಷ ಷಟರ್ ಎಳೆದರು. ಆ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಹೊಸ ಡಾಕ್ಟರನ್ನು ಹುಡುಕಬೇಕಾಯಿತು. "ಎರಡು ನಿಮಿಷದ ಕೆಲಸ ಅಪ್ಪಾ" ಎಂದು ಮಗಳು ಫೋನಿನಲ್ಲಿ ಆ್ಯಪ್ ತೆರೆದಳು. ಅಬ್ಬಬ್ಬಾ, ಏನೇನು ಆಯ್ಕೆ! ಫೀಸು ಎಷ್ಟಿರಬೇಕು, ಎಷ್ಟು ದೂರ ಇರಬೇಕು, ಎಷ್ಟು ವರ್ಷ ಅನುಭವ, ಎಷ್ಟು ಸ್ಟಾರು, ಗಂಡಸೋ ಹೆಂಗಸೋ, ಬೆಳಿಗ್ಗೆಯೋ ಸಂಜೆಯೋ. ಎಲ್ಲ ಕೇಳಿತು. ಡಾಕ್ಟರು ಯಾವ ಭಾಷೆ ಆಡಬೇಕು ಎಂದು ಮಾತ್ರ ಕೇಳಲಿಲ್ಲ. ನಮಗೂ ಹೊಳೆಯಲಿಲ್ಲ. ಬಸವನಗುಡಿಯ ಒಂದು ಕ್ಲಿನಿಕ್ಕು, ಸಂಜೆ ಆರೂವರೆ, ಓಟಿಪಿ, ಮುಗಿಯಿತು.

ಡಾಕ್ಟರು ಉತ್ತರದ ಕಡೆಯ ಹುಡುಗ. ಒಳ್ಳೆಯವನೇ. ಅಮ್ಮನಿಗೆ ಎದ್ದು ನಿಂತು ನಮಸ್ಕಾರ ಮಾಡಿದ. ಹಿಂದಿಯಲ್ಲಿ ಕೇಳಿದ, ಅಮ್ಮ ನನ್ನ ಮುಖ ನೋಡಿದಳು. ಇಂಗ್ಲಿಷಿನಲ್ಲಿ ಕೇಳಿದ, ಮತ್ತೆ ನನ್ನ ಮುಖ ನೋಡಿದಳು. ಅಲ್ಲಿಗೆ ನಾನು ತರ್ಜುಮೆಗಾರನಾದೆ. "ಸುಸ್ತು ಕಣೋ, ಒಳಗೊಳಗೇ ಸಂಕಟ ಆಗುತ್ತೆ, ಕಾಲೆಲ್ಲ ಸೆಳೆತ" ಎಂದಳು. ಸುಸ್ತಿಗೆ "ಟಯರ್ಡ್" ಎಂದೆ. ಸೆಳೆತಕ್ಕೆ "ಪೇಯ್ನ್" ಎಂದೆ. ಸಂಕಟಕ್ಕೆ ನನ್ನ ಪಿಯುಸಿ ಇಂಗ್ಲಿಷಿನಲ್ಲಿ ಪದವೇ ಸಿಗಲಿಲ್ಲ, ನುಂಗಿಕೊಂಡೆ. "ಬೇರೆ ಏನಾದರೂ ತೊಂದರೆ ಇದೆಯೇ?" ಎಂದು ಡಾಕ್ಟರು ಕೇಳಿದ್ದನ್ನು ಅಮ್ಮನಿಗೆ ದಾಟಿಸಿದೆ. ಅಮ್ಮ ನನ್ನನ್ನು ನೋಡಿದಳು, ನೆಲ ನೋಡಿದಳು. "ಏನಿಲ್ಲ" ಎಂದಳು. ಹತ್ತು ನಿಮಿಷದಲ್ಲಿ ಮಾತ್ರೆ ಚೀಟಿ ಹಿಡಿದು ಹೊರಗೆ ಬಂದೆವು. ಮಗಳು ಐದು ಸ್ಟಾರು ಒತ್ತಿದಳು.

ಒಂಬತ್ತನೇ ದಿನ ರಾತ್ರಿ ಅಮ್ಮನಿಗೆ ಗಡಗಡ ನಡುಕ, ಮೈ ಸುಡುವ ಜ್ವರ. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ನರ್ಸು ಹಾಸನದ ಕಡೆಯ ಹೆಣ್ಣುಮಗಳು. ನನ್ನನ್ನು ಹೊರಗೆ ಕಳಿಸಿ, ಪರದೆ ಎಳೆದು, ಅಮ್ಮನ ಪಕ್ಕ ಕೂತು ಕನ್ನಡದಲ್ಲಿ ಕೇಳಿದಳು. ಆಗ ಬಂತು ಮಾತು! ಮೂರು ವಾರದಿಂದ ಉರಿಮೂತ್ರ. ಸಕ್ಕರೆ ಕಾಯಿಲೆ ಇರುವ ಎಪ್ಪತ್ತರ ಜೀವ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. "ಮೊದಲೇ ಯಾಕಮ್ಮ ಹೇಳಲಿಲ್ಲ?" ಎಂದರೆ, "ಮಗನ ಬಾಯಲ್ಲಿ ಅದನ್ನ ಹೆಂಗೆ ಹೇಳಿಸಲಿ?" ಎಂದಳು.

ಅಮ್ಮ ಈಗ ಚೇತರಿಸಿಕೊಂಡಿದ್ದಾಳೆ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಒಂಬತ್ತು ದಿನಕ್ಕೆ ಉತ್ತರ ಹೇಳುವವರು ಯಾರು?

ಭಾಷೆ ಎಂದರೆ ಬರೀ ಬಾವುಟ, ಬರೀ ನವೆಂಬರ್ ತಿಂಗಳ ಆರ್ಕೆಸ್ಟ್ರಾ ಎಂದುಕೊಂಡವರು ಕಿವಿಗೊಟ್ಟು ಕೇಳಿ. ಜೋಮು ಬೇರೆ, ಮರಗಟ್ಟುವುದು ಬೇರೆ. ಚಳುಕು ಬೇರೆ, ಸೆಳೆತ ಬೇರೆ. ತಲೆಸುತ್ತು ಬೇರೆ, ಕಣ್ಣು ಕತ್ತಲಿಡುವುದು ಬೇರೆ. ಡಾಕ್ಟರ ಕೊರಳಲ್ಲಿ ಸ್ಟೆತಾಸ್ಕೋಪು ಇದ್ದರೆ ಸಾಲದು, ಈ ಪದಗಳು ಕಿವಿಗೆ ಬೀಳಬೇಕು. ಬೀಳದಿದ್ದರೆ ಅದು ಅಭಿಮಾನದ ಪ್ರಶ್ನೆ ಅಲ್ಲ, ಪ್ರಾಣದ ಪ್ರಶ್ನೆ!

"ವೈದ್ಯಕೀಯಕ್ಕೂ ಕನ್ನಡಕ್ಕೂ ಎಲ್ಲಿಯ ನಂಟು?" ಎನ್ನುವ ಜಾಣರಿದ್ದಾರೆ. ಅವರಿಗೆ ಈ ಊರೇ ಗೊತ್ತಿಲ್ಲ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೇ 1898ರ ಪ್ಲೇಗಿನ ಹೊಡೆತದ ನಂತರ, ಜನ ಗಾಳಿ ಬೆಳಕಿನಲ್ಲಿ ಬದುಕಲಿ ಎಂದು. ಇದೇ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', ರೋಗಿಗಳನ್ನು ನೋಡುತ್ತಲೇ 1942ರಲ್ಲಿ 'ಕೊರವಂಜಿ' ಆರಂಭಿಸಿದರು. ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಎಷ್ಟು ಮನೆಗಳಲ್ಲಿ ಬಸುರಿಯರ ದಿಂಬಿನ ಕೆಳಗಿತ್ತು ಎಂದು ನಿಮ್ಮ ಅಜ್ಜಿಯರನ್ನು ಕೇಳಿ.

ಸರ್ಕಾರ ಏನು ಮಾಡುತ್ತಿದೆ? 2024ರಲ್ಲಿ ಕಾಯಿದೆ ತಿದ್ದಿ, ಆಸ್ಪತ್ರೆ, ಲ್ಯಾಬುಗಳೂ ಸೇರಿದಂತೆ ಎಲ್ಲರ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂದಿತು. ಸಂತೋಷ. ಬೋರ್ಡಿಗೆ ಕನ್ನಡ ಬಂತು. ಬೋರ್ಡಿನ ಕೆಳಗಿರುವ ಬಾಗಿಲಿನ ಒಳಕ್ಕೆ ಯಾವಾಗ? 2019ರಲ್ಲಿ ಬಂದ ಹೊಸ ಪಠ್ಯಕ್ರಮದಂತೆ ಎಂಬಿಬಿಎಸ್ ಸೇರಿದ ಹುಡುಗರಿಗೆ ಮೊದಲಲ್ಲೇ ಸ್ಥಳೀಯ ಭಾಷೆಯ ಪಾಠ ಇದೆ. ಆದರೆ ಬೇರೆಲ್ಲೋ ಓದಿ ಇಲ್ಲಿ ಬಂದು ಕ್ಲಿನಿಕ್ ತೆರೆಯುವವರಿಗೆ? ಅದೇ 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೋರಿದರು. ನನ್ನನ್ನು ಕೇಳಿದರೆ, ಔಷಧಿಯ ಹೆಸರು ಯಾವ ಲಿಪಿಯಲ್ಲಾದರೂ ಇರಲಿ. ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಏನಾದರೆ ಕೂಡಲೇ ಓಡಿ ಬರಬೇಕು, ಇಷ್ಟು ಮಾತ್ರ ಕನ್ನಡದಲ್ಲಿ ಇರಲೇಬೇಕು.

ಹಾಗಾದರೆ ಡಾಕ್ಟರ ಕೊರಳಪಟ್ಟಿ ಹಿಡಿಯೋಣವೇ? ಬೇಡ! ಈ ಮಾತು ನಮ್ಮವರಿಗೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. 2019ರ ನವೆಂಬರ್ 1ರಂದು ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಏನಾಯಿತು? ಜುಲೈನಲ್ಲಿ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಕಳೆದುಕೊಂಡವರಿಗೆ ನ್ಯಾಯ ಕೇಳಲು ಹೋದ ಹೋರಾಟ, ಕನ್ನಡದಲ್ಲಿ ಮಾತಾಡು ಎಂದು ಕಿರಿಯ ವೈದ್ಯೆಯೊಬ್ಬರ ಜತೆ ನಡೆದ ಜಟಾಪಟಿಯಾಗಿ ಮುಗಿಯಿತು. ವೈದ್ಯರು ಮುಷ್ಕರ ಹೂಡಿದರು. ಚಿಕಿತ್ಸೆ ಸಿಗದೆ ಪರದಾಡಿದವರು ಯಾರು? ಬಡ ಕನ್ನಡಿಗರೇ. ಕಣ್ಣು ಕಳೆದುಕೊಂಡವರ ಗೋಳು ಹಿಂದಕ್ಕೆ ಸರಿಯಿತು. ಹೆದರಿಸಿದರೆ ಕನ್ನಡ ಬರುವುದಿಲ್ಲ, ಬೇಡಿಕೆ ಇದ್ದರೆ ಬರುತ್ತದೆ.

ಬೇಡಿಕೆ ಇಡಬೇಕಾದವರು ನೀವು, ಏಕೆಂದರೆ ಫೋನು ನಿಮ್ಮ ಕೈಯಲ್ಲಿದೆ. "ಆ್ಯಪಿಗೆ ಕನ್ನಡ ಕಷ್ಟ" ಎಂದರೆ ನಂಬಬೇಡಿ. ಹಿಂದೆ "ಕಂಪ್ಯೂಟರಿಗೆ ಕನ್ನಡ ಬರಲ್ಲ" ಎಂದು ನಮ್ಮ ಪ್ರೆಸ್ಸಿನವರಿಗೂ ಹೇಳಿದ್ದರು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಅಚ್ಚುಮೊಳೆಯ ಪೆಟ್ಟಿಗೆಗಳು ಅಟ್ಟ ಸೇರಿದವು. 2022ರಲ್ಲಿ ಬಂದ 'ನಮ್ಮ ಯಾತ್ರಿ'ಯಲ್ಲಿ ಕನ್ನಡದಲ್ಲೇ ಆಟೊ ಕರೆಯಬಹುದು. ಆಟೊಗೆ ಬಂದ ಕನ್ನಡ ಡಾಕ್ಟರಿಗೆ ಬಾರದೇ? ಇಂಥ ಎಷ್ಟೋ ಆ್ಯಪುಗಳ ಕೋಡ್ ಬರೆಯುವವರು ಇದೇ ಬೆಂಗಳೂರಿನಲ್ಲಿ ಕೂತಿದ್ದಾರೆ. ಅವರಲ್ಲಿ ನೀವೂ ಇದ್ದೀರಿ!

ನಿಮಗೆ ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷದಿಂದ ಎಷ್ಟೋ ಕ್ಲಿನಿಕ್ಕುಗಳಿಗೆ ಚೀಟಿ ಪುಸ್ತಕ ಅಚ್ಚು ಹಾಕಿ ಕೊಟ್ಟಿದ್ದೇನೆ. ಎಲ್ಲ ಇಂಗ್ಲಿಷಿನಲ್ಲಿ. "ಕನ್ನಡವೂ ಇರಲಿ ಸಾರ್" ಎಂದು ಒಬ್ಬರನ್ನೂ ಕೇಳಲಿಲ್ಲ. ಬಿಲ್ಲು ವಸೂಲಾದರೆ ಸಾಕಿತ್ತು. ಆ ನಿರಭಿಮಾನದ ಸಾಲ ಅಮ್ಮನ ಮೈಮೇಲೆ ತೀರಿತು.

ಇನ್ನು ಮುಂದೆ ಇಷ್ಟು ಮಾಡಿ. ಬುಕ್ ಮಾಡುವ ಮೊದಲು ಕ್ಲಿನಿಕ್ಕಿಗೆ ಫೋನ್ ಮಾಡಿ "ಡಾಕ್ಟರು ಕನ್ನಡ ಮಾತಾಡ್ತಾರಾ?" ಎಂದು ಕೇಳಿ. ದಿನಕ್ಕೆ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಕನ್ನಡ ಸಿಗುತ್ತದೆ. ಸ್ಟಾರು ಒತ್ತುವಾಗ ಭಾಷೆಯ ವಿಷಯವನ್ನೂ ಕನ್ನಡದಲ್ಲೇ ಬರೆಯಿರಿ. ಕನ್ನಡ ಕಲಿತ ಹೊರಗಿನ ವೈದ್ಯರನ್ನು ಹೆಸರು ಹಿಡಿದು ಮೆಚ್ಚಿ. ಆ್ಯಪಿನ ಕಂಪನಿಗಳಲ್ಲಿ ಕೆಲಸ ಮಾಡುವವರು ಫೀಸು, ದೂರದ ಪಕ್ಕದಲ್ಲಿ ಭಾಷೆಗೂ ಒಂದು ಸಾಲು ಹಾಕಿಸಿ. ಮತ್ತೆ, ಅಮ್ಮನನ್ನು ಕರೆದುಕೊಂಡು ಹೋದರೆ ಐದು ನಿಮಿಷ ಹೊರಗೆ ನಿಲ್ಲಿ.

ನನ್ನ ಕೆಲಸ ನಾನು ಶುರು ಮಾಡಿದ್ದೇನೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಯಾವ ಕ್ಲಿನಿಕ್ಕಾದರೂ ಸರಿ, ಚೀಟಿಯಲ್ಲಿ ಕನ್ನಡದ ಸಾಲು ಬೇಕೆಂದರೆ ನಮ್ಮ ಪ್ರೆಸ್ಸಿನಲ್ಲಿ ಅದರ ಅಕ್ಷರಜೋಡಣೆಗೆ ಕಾಸಿಲ್ಲ. ಮೊದಲ ಆರ್ಡರು ಬಂದಾಗಿದೆ. ಕೊಟ್ಟವನು ಅದೇ ಉತ್ತರದ ಹುಡುಗ. ನಡೆದದ್ದನ್ನು ನಾನೇ ಹೋಗಿ ಹೇಳಿದ್ದೆ. ಕರಡು ತಿದ್ದಲು ಬಂದವನು "ಉರಿಮೂತ್ರ" ಎಂಬ ಪದವನ್ನು ಮೂರು ಸಲ ಹೇಳಿ ಬಾಯಿಪಾಠ ಮಾಡಿಕೊಂಡು ಹೋದ.